ವ್ಯಾಯಾಮ ಮಾಡುವ ಸ್ತ್ರೀಯರೂ ಪುಷ್ಟಿಯ ಡಬ್ಬಿಗಳೂ

ಹೆಣ್ಣುಮಕ್ಕಳು ಶರೀರಶ್ರಮದ ಆಟಗಳನ್ನು ಆಡತಕ್ಕದ್ದೋ ಆಡಬಾರದೋ ಎಂಬ ವಾದವು ನಮ್ಮ ಈ ಭಾಗದಲ್ಲಿ ಒಂದು ಕಾಲಕ್ಕೆ ಬಹು ಜೋರಿನಿಂದ ನಡೆದಿತ್ತು. ಕೈಯಲ್ಲಿ ಲೇಜೀಮು ಹಿಡಿದು ಮೈದಾನದಲ್ಲಿ ನಿಂತ ಹುಡುಗಿಗೆ ನೆಟ್ಟಗೆ ವರ ಸಿಕ್ಕೀತೇ ಎಂದು ಚಿಂತಿಸಿದ ಪಾಲಕರು ಇದ್ದರು. ಅವರ ಸಮಾಧಾನ ಮಾಡುವದರಲ್ಲಿಯೇ ಹಿಂದಿನ ಶಿಕ್ಷಕಿಯರ ಅರ್ಧ ಶಕ್ತಿಯು ವೆಚ್ಚವಾಯಿತು. ಆ ವಾದವು ಈಗ ತೀರಿಹೋಗಿದೆ, ಮತ್ತು ಹೆಂಗಸರೇ ಗೆದ್ದಿದ್ದಾರೆ. ಬೆಳಗಿನ ಆರು ಗಂಟೆಗೆ ಧಾರವಾಡದ ವಿಶ್ವವಿದ್ಯಾಲಯದ ಆವಾರಕ್ಕೋ ಕೆಲಗೇರಿ ಕೆರೆಯ ದಂಡೆಗೋ, ಇಲ್ಲವೆ ಹುಬ್ಬಳ್ಳಿಯ ಉಣಕಲ್ ಕೆರೆ, ತೋಳನಕೆರೆ, ನೃಪತುಂಗ ಬೆಟ್ಟಗಳ ಕಡೆಗೋ ಹೋಗಿ ನೋಡಿದವರಿಗೆ ಇದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಾಲಿಗೆ ಬೂಟು ಹಾಕಿಕೊಂಡ ಅಜ್ಜಿಯರೂ, ಅವರನ್ನು ಹಿಂದೆ ಹಾಕಿ ಓಡುವ ಮೊಮ್ಮಕ್ಕಳೂ ಅಲ್ಲಿ ಕಾಣಸಿಗುವರು. ಪೇಟೆಯೊಳಗಿನ ಜಿಮ್ಮುಗಳಲ್ಲಿ ಸ್ತ್ರೀಯರಿಗಾಗಿಯೇ ಬೇರೆ ವೇಳೆಯನ್ನು ಇಟ್ಟಿರುತ್ತಾರೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರನೇಕರು ಇವರಲ್ಲಿರುವದನ್ನು ಕಂಡು ನಾನು ಮನಃಪೂರ್ವಕವಾಗಿ ಸಂತೋಷಪಡುತ್ತೇನೆ.

ಆದರೆ ಈ ಸಂತೋಷದ ಬೆನ್ನ ಹಿಂದೆಯೇ ಒಂದು ಡಬ್ಬಿಯು ಬಂದು ನಿಂತಿದೆ. ಇಂಗ್ಲಿಷಿನಲ್ಲಿ ಸಪ್ಲಿಮೆಂಟು ಎಂದೂ, ಕಾಗದಪತ್ರಗಳ ಕನ್ನಡದಲ್ಲಿ ಆಹಾರಪೂರಕ ಎಂದೂ ಅದನ್ನು ಕರೆಯುವರು. ಅದರಲ್ಲಿ ಪ್ರೊಟೀನಿನ ಪುಡಿಯಿರಬಹುದು, ಜೀವಸತ್ವಗಳ ಗುಳಿಗೆಗಳಿರಬಹುದು, ಮೈಯ ಕೊಬ್ಬನ್ನು ಕರಗಿಸುವೆನೆಂದು ಹೇಳಿಕೊಳ್ಳುವ ಕ್ಯಾಪ್ಸೂಲುಗಳಿರಬಹುದು. ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ ಮೊದಲು ನನ್ನನ್ನು ಕೇಳುತ್ತಿದ್ದ ಪ್ರಶ್ನೆಯು ಮಕ್ಕಳ ಪ್ರವೇಶದ ವಿಷಯವಾಗಿರುತ್ತಿತ್ತು. ಈಗ "ಅಕ್ಕೋರೇ, ಯಾವ ಪುಡಿ ತಗೊಂಡ್ರ ಛಲೋರಿ?" ಎಂದು ಕೇಳುವವರೇ ಹೆಚ್ಚು. ಪ್ರತಿಯೊಬ್ಬರಿಗೂ ನಿಂತುಕೊಂಡು ಉತ್ತರ ಹೇಳುವದಕ್ಕಿಂತ ಒಮ್ಮೆ ಬರೆದು ಮುಗಿಸುವದು ಮೇಲೆಂದು ಈ ಸಂಚಿಕೆಯ ಸಂಪಾದಕರು ಕೊಟ್ಟ ಪುಟಗಳನ್ನು ಉಪಯೋಗಿಸಿಕೊಳ್ಳುತ್ತಿದ್ದೇನೆ. ನಾನು ವೈದ್ಯಳಲ್ಲ, ವಿಜ್ಞಾನವನ್ನೂ ಗೃಹಶಾಸ್ತ್ರವನ್ನೂ ಕಲಿಸಿದ ಶಿಕ್ಷಕಿ. ನನ್ನ ಅಭಿಪ್ರಾಯವು ಇಷ್ಟು: ನಮ್ಮ ಹೆಂಗಸರು ಬಹುಮಟ್ಟಿಗೆ ತಮಗೆ ಬೇಡವಾದದ್ದನ್ನು ದುಡ್ಡು ಕೊಟ್ಟು ತರುತ್ತಾರೆ, ಬೇಕಾದದ್ದನ್ನು ಪುಕ್ಕಟೆ ಕೊಟ್ಟರೂ ಒಲ್ಲೆನ್ನುತ್ತಾರೆ.

ಮೊದಲು ಪ್ರೊಟೀನಿನ ಪುಡಿಯ ಲೆಕ್ಕವನ್ನು ನೋಡೋಣ. ೫೫ ಕಿಲೋಗ್ರಾಂ ತೂಕದ ಒಬ್ಬ ಸ್ತ್ರೀಯು ಅರ್ಧ ತಾಸು ಬಿರುಸಾಗಿ ನಡೆದರೆ ಸುಮಾರು ೧೦೦ರಿಂದ ೧೨೦ ಕ್ಯಾಲರಿ ಶಕ್ತಿಯು ವೆಚ್ಚವಾಗುವದು. ಮನೆಗೆ ಬಂದು ಅವಳು ಹಾಲಿನಲ್ಲಿ ಕದಡಿ ಕುಡಿಯುವ ೩೦ ಗ್ರಾಂ ಪುಡಿಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಶಕ್ತಿಯುಂಟು, ಹಾಲಿನದು ಬೇರೆ. ತೂಕ ಇಳಿಸುವದಕ್ಕಾಗಿ ನಡೆದು, ನಡೆದದ್ದಕ್ಕಾಗಿ ಪುಡಿ ಕುಡಿದು, ಪುನಃ ತೂಕ ಇಳಿಯಲಿಲ್ಲವೆಂದು ಎರಡನೆಯ ಡಬ್ಬಿಯನ್ನು ತರುವ ಗೃಹಿಣಿಯರನ್ನು ನಾನು ಬಲ್ಲೆನು. ಇನ್ನು ಪ್ರೊಟೀನು ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಗೆ ಸೇರಿದ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೨೦೨೦ರಲ್ಲಿ ಗೊತ್ತುಪಡಿಸಿದ ಪ್ರಮಾಣದಂತೆ ವಯಸ್ಕರಿಗೆ ಶರೀರದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೦.೮೩ ಗ್ರಾಂ, ಅಂದರೆ ೫೫ ಕಿಲೋ ತೂಕದವಳಿಗೆ ಸುಮಾರು ೪೬ ಗ್ರಾಂ. ಬೆಳಗಿನ ವಾಯುಸೇವನೆಯಿಂದ ಈ ಅಂಕಿಯು ಏರುವದು ಅತ್ಯಲ್ಪ. ೧೯೧೮ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಒಂದು ಚಿಕ್ಕ ಪ್ರಯೋಗಶಾಲೆಯಾಗಿ ಹುಟ್ಟಿ, ನೂರು ವರ್ಷಕ್ಕೂ ಮಿಕ್ಕಿ ನಮ್ಮ ದೇಶದ ಅನ್ನವನ್ನೇ ಅಭ್ಯಸಿಸುತ್ತ ಬಂದ ಈ ಸಂಸ್ಥೆಯು ೨೦೨೪ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ ಆಹಾರದ ೧೭ ಸೂಚನೆಗಳನ್ನು ಪ್ರಕಟಿಸಿತು. ಮೈಕಟ್ಟು ಬೆಳೆಸುವದಕ್ಕೋಸ್ಕರ ಪ್ರೊಟೀನಿನ ಪುಡಿಗಳ ಗೊಡವೆಗೆ ಹೋಗಬೇಡಿರೆಂಬ ಮಾತು ಅದರಲ್ಲಿ ಸ್ಪಷ್ಟವಾಗಿಯೇ ಇದೆ. ಕೆಲವು ಪುಡಿಗಳಲ್ಲಿ ಸಕ್ಕರೆ, ಕೃತ್ರಿಮ ಸಿಹಿ, ಕೃತ್ರಿಮ ಪರಿಮಳಗಳನ್ನು ಬೆರಸಿರುವರೆಂಬ ಕಾರಣವನ್ನೂ ಕೊಟ್ಟಿದ್ದಾರೆ.

ನಮ್ಮ ಕಡೆಯ ಊಟದ ತಾಟನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿರಿ. ಮೂರು ಜೋಳದ ರೊಟ್ಟಿಗೆ ಸುಮಾರು ೧೮೦ ಗ್ರಾಂ ಹಿಟ್ಟು ಹಿಡಿದರೆ ಅದರಿಂದ ೧೮ ಗ್ರಾಂ ಪ್ರೊಟೀನು. ಒಂದು ಹಿಡಿ ಹೆಸರುಕಾಳನ್ನೋ ಮಡಿಕೆಕಾಳನ್ನೋ ಮೊಳೆಬರಿಸಿ ಮಾಡಿದ ಪಲ್ಯದಿಂದ, ಒಣಕಾಳು ೫೦ ಗ್ರಾಂ ಎಂದಿಟ್ಟುಕೊಂಡರೆ, ೧೧ ಗ್ರಾಂ. ಬೇಳೆಯ ಸಾರಿನಿಂದ ೬ ಗ್ರಾಂ, ಶೇಂಗಾದ ಹಿಂಡಿಯಿಂದ ೫, ದಿನಕ್ಕೆ ಒಂದೆರಡು ವಾಟಿ ಹಾಲು ಮೊಸರುಗಳಿಂದ ೮ ಅಥವಾ ೯, ರಾತ್ರಿಯ ಅನ್ನದಿಂದ ೪. ಕೂಡಿಸಿದರೆ ೫೦ನ್ನು ದಾಟಿತು! ಜೋಳದ ಪ್ರೊಟೀನಿನಲ್ಲಿ ಲೈಸಿನ್ ಎಂಬ ಒಂದು ಅಂಶದ ಕೊರತೆಯುಂಟು. ಕಾಳುಬೇಳೆಗಳಲ್ಲಿ ಅದು ಧಾರಾಳವಾಗಿದೆ. ರೊಟ್ಟಿಯ ಜೊತೆಗೆ ಕಾಳುಪಲ್ಯವನ್ನೂ ಝುಣಕವನ್ನೂ ಇಟ್ಟ ನಮ್ಮ ಅಜ್ಜಿಯರಿಗೆ ಲೈಸಿನ್ನಿನ ಹೆಸರು ತಿಳಿದಿರಲಿಲ್ಲವಾದರೂ ಅವರ ಜೋಡಣೆಯು ತಪ್ಪಿರಲಿಲ್ಲ. ಹಾಗೂ ಆ ಡಬ್ಬಿಯ ಬಿಳಿ ಪುಡಿಯಾದರೂ ಆಕಾಶದಿಂದ ಇಳಿದದ್ದಲ್ಲ. ಹಾಲು ಒಡೆದಾಗ ಮೇಲೆ ನಿಲ್ಲುವ ತಿಳಿ ಹಸಿರು ಛಾಯೆಯ ನೀರನ್ನು ನೀವು ನೋಡಿದ್ದೀರಿ. ಚೀಜು ಮಾಡುವ ಕಾರಖಾನೆಗಳಲ್ಲಿ ಮಿಕ್ಕುವ ಅದೇ ನೀರನ್ನು ಶೋಧಿಸಿ ಒಣಗಿಸಿದರೆ ವ್ಹೇ ಎಂಬ ಪುಡಿಯಾಗುವದು. ಪನ್ನೀರು ಮಾಡಿ ಉಳಿದ ನೀರಿನಿಂದ ಚಪಾತಿಯ ಕಣಕ ನಾದುವ ಜಾಣೆಯು ಅದರ ಒಂದು ಅಲ್ಪಾಂಶವನ್ನು ಮನೆಯಲ್ಲಿಯೇ ಉಳಿಸಿಕೊಳ್ಳುತ್ತಾಳೆ.

ಭಾರ ಎತ್ತುವ ವ್ಯಾಯಾಮವನ್ನು ವಾರಕ್ಕೆ ನಾಲ್ಕು ದಿನ ನೇಮದಿಂದ ಮಾಡುವ ತರುಣಿಯರ ಮಾತು ಸ್ವಲ್ಪ ಬೇರೆ. ಅದನ್ನು ಮರೆಮಾಚುವದು ನ್ಯಾಯವಲ್ಲ. ಅಂಥವರಿಗೆ ಕಿಲೋಗ್ರಾಮಿಗೆ ೧.೨ರಿಂದ ೧.೬ ಗ್ರಾಂ ವರೆಗೆ ಪ್ರೊಟೀನು ಉಪಯುಕ್ತವೆಂದು ತಜ್ಞರು ಹೇಳುವರು. ೫೫ ಕಿಲೋ ತೂಕಕ್ಕೆ ಅದು ೬೬ರಿಂದ ೮೮ ಗ್ರಾಂ ಆಯಿತು. ಮೇಲಿನ ಊಟಕ್ಕೆ ಎರಡು ತತ್ತಿಗಳನ್ನು ಸೇರಿಸಿದರೆ ೧೨ ಗ್ರಾಂ. ತತ್ತಿ ತಿನ್ನದವರು ಒಂದು ಹಿಡಿ ಪುಠಾಣಿ, ಇನ್ನೊಂದು ವಾಟಿ ಮೊಸರು, ಸ್ವಲ್ಪ ಸೋಯಾ ಅಥವಾ ಪನ್ನೀರಿನಿಂದ ಅಲ್ಲಿಗೆ ಮುಟ್ಟಬಹುದು. ಇಷ್ಟಾದ ಮೇಲೂ ಕೆಲಸದ ಧಾವತಿಯಲ್ಲಿ ಊಟ ತಪ್ಪುವವಳು ಒಮ್ಮೊಮ್ಮೆ ಪುಡಿಯನ್ನು ಕುಡಿದರೆ ಪ್ರಳಯವಾಗಲಿಕ್ಕಿಲ್ಲ. ಕ್ರಿಯಾಟಿನ್ ಎಂಬ ವಸ್ತುವು ಕೂಡ, ದಿನಕ್ಕೆ ೩ರಿಂದ ೫ ಗ್ರಾಂ ಮಿತಿಯಲ್ಲಿ, ಭಾರ ಎತ್ತುವವರಿಗೆ ತುಸು ನೆರವಾಗುವದೆಂದು ಬಹಳಷ್ಟು ಪರೀಕ್ಷೆಗಳಿಂದ ಕಂಡುಬಂದಿದೆ. ಆದರೆ ಇವು ಅನುಕೂಲತೆಗಳೇ ಹೊರತು ಅವಶ್ಯಕತೆಗಳಲ್ಲ. ಗರಡಿಮನೆಯ ಪೈಲವಾನರು ಹಾಲು, ತುಪ್ಪ, ಬದಾಮಿಗಳನ್ನು ಸೇರುಗಟ್ಟಲೆ ಹೊಟ್ಟೆಗಿಳಿಸುತ್ತಿದ್ದರೆಂಬುದು ನಿಜ. ನೂರಾರು ಬೈಠಕುಗಳನ್ನೂ ದಂಡಗಳನ್ನೂ ತೆಗೆದ ಮೇಲೆ ಇಳಿಸುತ್ತಿದ್ದರು ಎಂಬುದನ್ನು ನೆನಪಿಡಬೇಕು. ಕೆರೆಯ ದಂಡೆಯ ಮೇಲೆ ಎರಡು ಸುತ್ತು ಹಾಕಿ, ಅದರಲ್ಲಿ ಒಂದು ಸುತ್ತನ್ನು ಸೊಸೆಯ ವಿಷಯ ಮಾತನಾಡುತ್ತ ಮುಗಿಸುವವರಿಗೆ ಪೈಲವಾನರ ಖುರಾಕಿನ ಹಂಗು ಏಕೆ?

ಇಷ್ಟು ಸರಳವಾದ ಲೆಕ್ಕವು ಸುಶಿಕ್ಷಿತ ಸ್ತ್ರೀಯರಿಗೆ ತಿಳಿಯದೆ ಇರುವದಿಲ್ಲ. ಆದರೂ ಡಬ್ಬಿಯು ಮನೆಯನ್ನು ಹೊಗುವದೇಕೆಂದರೆ, ಅನೇಕ ಕಡೆಗಳಲ್ಲಿ ವ್ಯಾಯಾಮವನ್ನು ಕಲಿಸುವವರೇ ಅದನ್ನು ಮಾರುವವರೂ ಆಗಿದ್ದಾರೆ. ನಮ್ಮ ಶಾಲೆಯಲ್ಲಿ ಕಲಿತ ಒಬ್ಬಳಿಗೆ, ಹೆಸರು ಹಚ್ಚಿಸಿದ ಮೂರನೆಯ ದಿನವೇ ಅವಳ ಶಿಕ್ಷಕನು, ಪುಡಿಯಿಲ್ಲದೆ ಮಾಡಿದ ವ್ಯಾಯಾಮವೆಲ್ಲ ವ್ಯರ್ಥವೆಂದು ಹೇಳಿದನಂತೆ. ವರ್ಗದಲ್ಲಿ ಪಾಠ ಹೇಳುವ ನಾನು, ನನ್ನಲ್ಲಿಯೇ ಮನೆಪಾಠಕ್ಕೆ ಬರದಿದ್ದರೆ ಪಾಸಾಗುವದಿಲ್ಲವೆಂದು ಹುಡುಗಿಯರಿಗೆ ಹೇಳಿದರೆ ಪಾಲಕರು ಸುಮ್ಮನಿದ್ದಾರೆಯೇ? ಇನ್ನು ಮೊಬೈಲಿನ ಪರದೆಯ ಮೇಲೆ ದಿನವೂ ಕಾಣಿಸಿಕೊಳ್ಳುವ ಸುಂದರಿಯರ ಉಪದೇಶದ ಬಗ್ಗೆ ಹೇಳುವದೇ ಬೇಡ.

ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದುವವರಾದರೂ ಎಷ್ಟು ಮಂದಿ? ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದವರು ೨೦೧೬ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಇದು ಔಷಧವಲ್ಲವೆಂದೂ, ಹೇಳಿದ ಪ್ರಮಾಣವನ್ನು ಮೀರಬಾರದೆಂದೂ, ವಿವಿಧ ಪದಾರ್ಥಗಳ ಊಟಕ್ಕೆ ಇದು ಬದಲಿಯಲ್ಲವೆಂದೂ ತಯಾರಕರು ತಾವೇ ಅಚ್ಚು ಹಾಕಿಸಬೇಕು. ಮಾರುವವನು ಬಾಯಿಂದ ಹೇಳುವದಕ್ಕೂ ಅವನ ಡಬ್ಬಿಯು ಹೇಳುವದಕ್ಕೂ ಎಷ್ಟು ಅಂತರ! ಅದೂ ಅಲ್ಲದೆ, ಡಬ್ಬಿಯು ಹೇಳುವದೆಲ್ಲವೂ ಸತ್ಯವೆಂಬ ಭರವಸೆಯೂ ಇಲ್ಲ. ಕೇರಳದ ವೈದ್ಯರು ಮುಂದಾಗಿ ನಮ್ಮ ದೇಶದ ಪೇಟೆಯಲ್ಲಿ ದೊರೆಯುವ ೩೬ ಬಗೆಯ ಪುಡಿಗಳನ್ನು ಪರೀಕ್ಷಿಸಿ ೨೦೨೪ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ, ೨೫ರ ಮೇಲಿನ ಪ್ರೊಟೀನಿನ ಅಂಕಿಯು ಒಳಗಿನ ಪುಡಿಗೆ ತಾಳೆಯಾಗಲಿಲ್ಲ. ೫ರಲ್ಲಿ ಬೂಸುರಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವು ಕಂಡುಬಂದಿತು. ಬೂಸುರು ಹಿಡಿದ ಶೇಂಗಾವನ್ನು ಕೇರುವ ಮೊರದಿಂದಲೇ ಆರಿಸಿ ಚೆಲ್ಲುವ ನಾವು, ಮುಚ್ಚಿದ ಡಬ್ಬಿಯೊಳಗಿನದನ್ನು ಯಾವ ಕಣ್ಣಿನಿಂದ ಆರಿಸಬೇಕು? ಮಕ್ಕಳ ಪೇಯಗಳ ಸಂಗತಿಯೂ ಇದಕ್ಕೆ ಸಮೀಪದ್ದೇ. ೨೦೨೪ರ ಏಪ್ರಿಲಿನಲ್ಲಿ ಕೇಂದ್ರದ ವಾಣಿಜ್ಯ ಮಂತ್ರಾಲಯವು, ಬೋರ್ನವೀಟಾ ಮೊದಲಾದವುಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ತಲೆಬರಹದ ಕೆಳಗೆ ಮಾರಕೂಡದೆಂದು ಜಾಲದ ಅಂಗಡಿಗಳಿಗೆ ಸೂಚಿಸಿತು. ಯಾಕಂದರೆ ೨೦೦೬ರ ಆಹಾರ ಕಾಯಿದೆಯಲ್ಲಿ ಅಂಥದೊಂದು ವರ್ಗವೇ ಇಲ್ಲ.

ಪ್ರೊಟೀನಿನ ಪುಡಿಯಿಂದ ಹೋಗುವದು ಹೆಚ್ಚಾಗಿ ದುಡ್ಡು. ಕೊಬ್ಬು ಕರಗಿಸುವ ಕ್ಯಾಪ್ಸೂಲುಗಳ ವಿಷಯದಲ್ಲಿ ನನಗೆ ಭಯವೇ ಇದೆ. ಇವುಗಳಲ್ಲಿ ಬಹು ಪ್ರಸಿದ್ಧವಾದ ‘ಗಾರ್ಸಿನಿಯಾ’ ಎಂಬುದು ಬೇರೆ ಯಾವ ಖಂಡದ ದಿವ್ಯೌಷಧವೂ ಅಲ್ಲ. ಹುಬ್ಬಳ್ಳಿಯಿಂದ ಸುಮಾರು ನೂರು ಕಿಲೋಮೀಟರಿನ ಮೇಲಿರುವ ಶಿರಸಿ, ಅದರಾಚೆಯ ಸಿದ್ದಾಪುರ, ಕುಮಟೆಗಳ ಘಟ್ಟದ ಕಾಡಿನಲ್ಲಿ ಬೆಳೆಯುವ ಉಪ್ಪಾಗೆ ಮರದ ಹಣ್ಣಿನ ಸಿಪ್ಪೆಯೇ ಅದು. ಸಾರಿಗೆ ಹಾಕುವ ಮುರುಗಲು ಇದರ ತಂಗಿ. ಉಪ್ಪಾಗೆಯ ಬೀಜದಿಂದ ಮಲೆನಾಡಿನವರು ತುಪ್ಪ ತೆಗೆಯುವರು, ಸಿಪ್ಪೆಯನ್ನು ಹುಳಿಗಾಗಿ ಒಣಗಿಸಿಡುವರು. ಆ ಸಿಪ್ಪೆಯೊಳಗಿನ ಒಂದು ಆಮ್ಲವು ಮೈ ಇಳಿಸುವದೆಂಬ ಸುದ್ದಿಯು ಹರಡಿ, ೧೯೯೦ರ ದಶಕದಲ್ಲಿ ಪರದೇಶಗಳಿಂದ ಬೇಡಿಕೆ ಬಂದಾಗ, ಹಣ್ಣಾಗುವದಕ್ಕೆ ಮೊದಲೇ ಕಾಯಿಗಳನ್ನು ಕೀಳುವಷ್ಟು ಪೈಪೋಟಿಯು ಕಾಡಿನಲ್ಲಿ ಹುಟ್ಟಿತು. ಅದರ ಫಲವೇನು? ೧೯೯೮ರಲ್ಲಿ ಅಮೇರಿಕದ ವೈದ್ಯರು ೧೩೫ ಮಂದಿ ಸ್ಥೂಲಕಾಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ಆಮ್ಲವನ್ನೂ ಇನ್ನೊಂದಕ್ಕೆ ಅದರಂತೆ ತೋರುವ ಬರಿಯ ಗುಳಿಗೆಯನ್ನೂ ೧೨ ವಾರ ಕೊಟ್ಟು ತೂಗಿ ನೋಡಿದರು. ಉಪ್ಪಾಗೆಯ ಗುಂಪಿಗೆ ಯಾವ ಹೆಚ್ಚಿನ ಲಾಭವೂ ದೊರೆಯಲಿಲ್ಲ. ಆ ಬಳಿಕ ಇಂಥ ಕ್ಯಾಪ್ಸೂಲುಗಳನ್ನು ಸೇವಿಸಿದ ಕೆಲವರ ಯಕೃತ್ತಿಗೆ ಅಪಾಯವಾದ ಸಂಗತಿಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಸಿರ್ಸಿಯ ಅಡಿಗೆಯಲ್ಲಿ ನಿರಪಾಯವಾಗಿದ್ದ ಹುಳಿಯು ಸಮುದ್ರ ದಾಟಿ ಸತ್ವವಾಗಿ ಮರಳಿ ಬಂದು ನಮ್ಮ ಹುಡುಗಿಯರ ಕೈಸೇರಿದಾಗ ನಿರಪಾಯವಾಗಿ ಉಳಿಯಲಿಲ್ಲ. ಹಸಿರು ಚಹದ ಕಥೆಯೂ ಹೀಗೆಯೇ: ಕುದಿಸಿ ಸೋಸಿ ಕುಡಿದರೆ ಚಿಂತೆಯಿಲ್ಲ, ಅದರ ಸಾರವನ್ನು ಗುಳಿಗೆಯಲ್ಲಿ ತುಂಬಿ ಮುಖ್ಯಾಂಶವು ದಿನಕ್ಕೆ ೮೦೦ ಮಿಲಿಗ್ರಾಮನ್ನು ಮುಟ್ಟಿದರೆ ಯಕೃತ್ತಿಗೆ ತೊಂದರೆಯ ಲಕ್ಷಣಗಳು ತೋರುವವೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯು ೨೦೧೮ರಲ್ಲಿ ತಿಳಿಸಿತು. ಮದುವೆಗೆ ಎರಡು ತಿಂಗಳಿರುವಾಗ ತೆಳ್ಳಗಾಗಲು ಹೊರಟ ಹುಡುಗಿಯರ ತಾಯಂದಿರು ಇದನ್ನು ಎರಡು ಸಾರೆ ಓದಬೇಕೆಂದು ನನ್ನ ವಿನಂತಿ.

ಹಾಗಾದರೆ ನಮ್ಮ ಸ್ತ್ರೀಯರಿಗೆ ಯಾವ ಕೊರತೆಯೂ ಇಲ್ಲವೇ? ಇದೆ, ಬಹಳ ದೊಡ್ಡ ಕೊರತೆಯಿದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ೧೫ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ೪೭.೮ ಮಂದಿ ರಕ್ತಹೀನರೆಂದು ಕಂಡುಬಂದಿತು. ಅದಕ್ಕಿಂತ ಹಿಂದಿನ, ೨೦೧೫–೧೬ರ ಸಮೀಕ್ಷೆಯಲ್ಲಿ ಈ ಅಂಕಿಯು ೪೪.೮ ಇದ್ದಿತು. ಜಿಮ್ಮುಗಳು ಹೆಚ್ಚಿದವು, ಡಬ್ಬಿಗಳು ಹೆಚ್ಚಿದವು, ರಕ್ತಹೀನರೂ ಹೆಚ್ಚಿದರು. ಗರ್ಭಿಣಿಯಲ್ಲದ ಸ್ತ್ರೀಯ ರಕ್ತದಲ್ಲಿ ಹಿಮೊಗ್ಲೋಬಿನ್ ೧೨ ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಇದಕ್ಕೆ ಬಹು ಸಾಮಾನ್ಯವಾದ ಕಾರಣವು ಕಬ್ಬಿಣದ ಅಭಾವ. ತಿಂಗಳು ತಿಂಗಳೂ ರಕ್ತವನ್ನು ಕಳಕೊಳ್ಳುವ ಸ್ತ್ರೀಗೆ ದಿನಕ್ಕೆ ೨೯ ಮಿಲಿಗ್ರಾಂ ಕಬ್ಬಿಣ ಬೇಕು. ಪುರುಷನಿಗೆ ೧೯ ಸಾಕು. ಉಸಿರಿನ ಪ್ರಾಣವಾಯುವನ್ನು ಸ್ನಾಯುಗಳಿಗೆ ಮುಟ್ಟಿಸುವದು ಈ ಹಿಮೊಗ್ಲೋಬಿನ್ನೇ ಆದದರಿಂದ, ಅದು ಕಡಿಮೆಯಿದ್ದವಳು ಬೆಟ್ಟ ಹತ್ತುವಾಗ ಏದುತ್ತಾಳೆ, ಓಡುವಾಗ ಎದೆ ಬಡಕೊಳ್ಳುತ್ತದೆ, ಸಂಜೆಗೆ ಕಾಲು ಸೋಲುತ್ತವೆ. ಆಗ ಅವಳಿಗೆ ಯಾರೋ ಹೇಳುವರು: "ನಿಮಗ ಪ್ರೊಟೀನ್ ಕಮ್ಮಿ ಆಗೇದರಿ."

ಇಪ್ಪತ್ತು ವರ್ಷಗಳ ಹಿಂದೆ ನಮ್ಮಲ್ಲಿ ಕಲಿತು ಈಗ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಳು ನೃಪತುಂಗ ಬೆಟ್ಟವನ್ನು ಹತ್ತುವಾಗ ನಡುವೆಯೇ ಕುಳಿತುಬಿಡುತ್ತಿದ್ದಳು. ಎಂಟು ತಿಂಗಳಲ್ಲಿ ಅವಳು ಖಾಲಿ ಮಾಡಿದ ಡಬ್ಬಿಗಳನ್ನು ಅವಳ ಅತ್ತೆಯವರು ಬೇಳೆ ತುಂಬಿಡಲು ಉಪಯೋಗಿಸುತ್ತಿದ್ದರು. ಡಬ್ಬಿಯಿಂದಾದ ಖಂಡಿತವಾದ ಲಾಭವು ಅದೊಂದೇ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೊಗ್ಲೋಬಿನ್ ೮.೪ ಬಂದಿತು. ಹಾಲಿನಿಂದಾದ ಪುಡಿಯಲ್ಲಿ ಕಬ್ಬಿಣವು ಹೆಸರಿಗೆ ಮಾತ್ರ. ಮೇಲಾಗಿ ಹಾಲಿನ ಕ್ಯಾಲ್ಸಿಯಮ್ಮು ಊಟದ ಕಬ್ಬಿಣವು ಮೈಗೆ ಹತ್ತದಂತೆ ತಡೆಯುತ್ತದೆ. ವೈದ್ಯರು ಕೊಟ್ಟ ಕಬ್ಬಿಣದ ಗುಳಿಗೆಗಳನ್ನು ಮೂರು ತಿಂಗಳು ತೆಗೆದುಕೊಂಡ ಮೇಲೆ ಅವಳು ಬೆಟ್ಟವನ್ನು ನಿಲ್ಲದೆ ಹತ್ತಿದಳು. ಆ ಗುಳಿಗೆಗಳ ಬೆಲೆಯನ್ನು ಕೇಳಿ ಅವಳಿಗೆ ನಾಚಿಕೆಯಾಯಿತೆಂದು ಹೇಳಿದಳು.

ಊಟದ ಮೂಲಕ ಕಬ್ಬಿಣವನ್ನು ಪಡೆಯುವದರಲ್ಲಿಯೂ ಒಂದು ಯುಕ್ತಿಯಿದೆ. ಸೊಪ್ಪು, ಕಾಳು, ಸಜ್ಜೆ, ಅಳವಿಯ ಬೀಜ ಇವುಗಳಲ್ಲಿರುವ ಕಬ್ಬಿಣವು ತಾನಾಗಿ ಸುಲಭವಾಗಿ ರಕ್ತಕ್ಕೆ ಸೇರದು. ಹುಳಿಹಣ್ಣುಗಳಲ್ಲಿರುವ ‘ಸಿ’ ಜೀವಸತ್ವದ ಸಂಗಡ ಹೋದರೆ ಸೇರುವದು. ಧಾರವಾಡದವರಿಗೆ ಇದಕ್ಕಾಗಿ ಪರದೇಶದ ಗುಳಿಗೆ ಬೇಕೇ? ನಮ್ಮ ಊರಿನ ಪೇರಲ ಹಣ್ಣಿನಲ್ಲಿ ಈ ಜೀವಸತ್ವವು ಕಿತ್ತಳೆಗಿಂತ ಎಷ್ಟೋ ಪಾಲು ಹೆಚ್ಚಾಗಿದೆ. ಹಂಗಾಮಿನಲ್ಲಿ ಬುಟ್ಟಿ ಹೊತ್ತು ಬಾಗಿಲಿಗೆ ಬರುವ ಹಣ್ಣಿನವಳನ್ನು ಚೌಕಾಶಿ ಮಾಡಿ ಮರಳಿ ಕಳಿಸದೆ, ಊಟದ ಜೊತೆಗೆ ನಾಲ್ಕು ಹೋಳು ತಿಂದರೆ ಆಯಿತು. ಹಂಗಾಮು ಮುಗಿದ ಮೇಲೆ ನಿಂಬೆಯುಂಟು, ನೆಲ್ಲಿಯುಂಟು. ಅದರಂತೆಯೇ ಊಟವಾದ ಕೂಡಲೇ ಚಹ ಕುಡಿಯುವ ನಮ್ಮ ಚಟವು ಉಂಡ ಕಬ್ಬಿಣವನ್ನು ಉಪಯೋಗಕ್ಕೆ ಬಾರದಂತೆ ಮಾಡುವದು. ಒಂದು ತಾಸು ತಡೆದು ಕುಡಿಯಿರಿ. ಚಹವು ಎಲ್ಲಿಗೂ ಓಡಿಹೋಗುವದಿಲ್ಲ.

ಆದರೆ ಮೇಲೆ ನಾನು ಲೆಕ್ಕ ಹಾಕಿದ ತಾಟು ಮನೆಯೊಳಗೆ ನಿಜವಾಗಿ ಯಾರ ಮುಂದೆ ಇರುತ್ತದೆ? ಈ ಪ್ರಶ್ನೆಯನ್ನು ಪಾಲಕರು, ಅದರಲ್ಲಿಯೂ ಗಂಡಸರಾದ ಪಾಲಕರು, ಶಾಂತ ಚಿತ್ತದಿಂದ ವಿಚಾರಿಸಬೇಕು. ರೊಟ್ಟಿ ಬಡಿಯುವವಳು ಎಲ್ಲರ ಊಟ ಮುಗಿದ ಮೇಲೆ ಕುಳಿತುಕೊಳ್ಳುವದು ನಮ್ಮ ಮನೆಗಳ ರೂಢಿ. ಆ ವೇಳೆಗೆ ಕಾಳುಪಲ್ಯವು ಬೋಗುಣಿಯ ತಳಕ್ಕೆ ಹೋಗಿರುತ್ತದೆ, ಹಾಲು ಮಗನ ಪಾಲಿಗೆ ಸಂದಿರುತ್ತದೆ, ಉಳಿದ ಒಂದು ತತ್ತಿಯು ನಾಳೆ ಪರೀಕ್ಷೆಯಿದ್ದವನಿಗೆ ಎಂದು ಎತ್ತಿಟ್ಟದ್ದು. ಅವಳು ಖಾರದ ಚಟ್ನಿಯಲ್ಲಿ ರೊಟ್ಟಿ ಮುಗಿಸಿ ಏಳುತ್ತಾಳೆ. ಉದ್ಯೋಗಕ್ಕೆ ಹೋಗುವ ಸೊಸೆಯಂತೂ ಬೆಳಗಿನ ತಿಂಡಿಯನ್ನು ನಿಂತುಕೊಂಡೇ ತಿನ್ನುತ್ತಾಳೆ, ಅಥವಾ ತಿನ್ನುವದೇ ಇಲ್ಲ. ಇಂಥವಳು ತನ್ನ ಸಂಬಳದಿಂದ ಒಂದು ಡಬ್ಬಿಯನ್ನು ಕೊಂಡು ತಂದರೆ ನಾನು ಅವಳನ್ನು ಹಳಿಯಲಾರೆ. ಆ ಡಬ್ಬಿಯೊಂದರ ಮೇಲೆಯೇ ಮನೆಯಲ್ಲಿ ಅವಳ ಹೆಸರು ಇರುವದು; ಅದನ್ನು ಬೇರೆ ಯಾರೂ ಮುಟ್ಟುವದಿಲ್ಲ. ಆದರೆ ಸಾವಿರಾರು ರೂಪಾಯಿ ಬಾಳುವ ಡಬ್ಬಿಗೆ ಮನೆಯವರು ಒಪ್ಪುತ್ತಾರೆ, ಅವಳು ಎಲ್ಲರ ಸಂಗಡ ಕುಳಿತು ಒಂದು ವಾಟಿ ಕಾಳನ್ನೂ ಒಂದು ವಾಟಿ ಮೊಸರನ್ನೂ ಉಣ್ಣುವದಕ್ಕೆ ಮಾತ್ರ ಒಗ್ಗುವದಿಲ್ಲವೆಂದರೆ, ಇದು ಪೋಷಣಶಾಸ್ತ್ರದ ಪ್ರಶ್ನೆಯಾಗಿ ಉಳಿಯಲಿಲ್ಲ. ಬಾಣಂತಿಯಾದಾಗ ಅಂಟಿನ ಉಂಡಿ, ಅಳವಿಯ ಪಾಯಸಗಳನ್ನು ಅವಳಿಗಾಗಿಯೇ ಬೇರೆ ಮಾಡಿಡುವ ಮನೆಯು, ನಲವತ್ತು ದಿವಸ ಕಳೆಯುತ್ತಲೇ ಅವಳನ್ನು ಮರೆಯುವದೇಕೆ?

ಇದರ ನೆರಳು ನಮ್ಮ ವರ್ಗಗಳಲ್ಲಿ ಬೀಳುವದನ್ನು ನಾನು ನೋಡುತ್ತಿದ್ದೇನೆ. ೨೦೧೮ರಿಂದ ‘ಅನೀಮಿಯಾ ಮುಕ್ತ ಭಾರತ’ ಎಂಬ ಹೆಸರಿನಲ್ಲಿ ನಡೆದಿರುವ ಯೋಜನೆಯಂತೆ ಶಾಲೆಯ ಹುಡುಗಿಯರಿಗೆ ವಾರಕ್ಕೊಂದು ನೀಲಿ ಬಣ್ಣದ ಗುಳಿಗೆಯನ್ನು ಪುಕ್ಕಟೆಯಾಗಿ ಕೊಡಬೇಕು. ಅದರಲ್ಲಿ ೬೦ ಮಿಲಿಗ್ರಾಂ ಕಬ್ಬಿಣವೂ ೫೦೦ ಮೈಕ್ರೋಗ್ರಾಂ ಫಾಲಿಕ್ ಆಮ್ಲವೂ ಇರುತ್ತವೆ. ವರ್ಷಕ್ಕೆ ಎರಡು ಸಾರೆ ಜಂತುಹುಳದ ಗುಳಿಗೆಯನ್ನೂ ಕೊಡುತ್ತೇವೆ. ಈ ನೀಲಿ ಗುಳಿಗೆಗಳು ಬಾಕುಗಳ ಸಂದಿಯಲ್ಲಿಯೂ ಕಿಡಿಕಿಯ ಕೆಳಗಿನ ಹೂಗಿಡಗಳ ಬುಡದಲ್ಲಿಯೂ ಶಿಪಾಯಿಗೆ ಸಿಕ್ಕುತ್ತವೆ. ನಮ್ಮ ದಾಸವಾಳ ಗಿಡಗಳಿಗೆ ಮಾತ್ರ ರಕ್ತಹೀನತೆಯಿಲ್ಲವೆಂದು ಅವನು ನಗುತ್ತಾನೆ. "ನಮ್ಮ ಹುಡುಗಿಗೆ ಆ ಗುಳಿಗಿ ಕೊಡಬ್ಯಾಡ್ರಿ, ಉಷ್ಣ ಆಗ್ತದ" ಎಂದು ತಾಯಂದಿರು ಚೀಟಿ ಬರೆದು ಕಳಿಸುವರು. ಮಲವು ಕಪ್ಪಾಗುವದು, ಒಮ್ಮೊಮ್ಮೆ ಹೊಟ್ಟೆ ತೊಳಸಿದಂತಾಗುವದು, ಮಲಬದ್ಧತೆಯಾಗುವದು ನಿಜ. ಊಟವಾದ ಮೇಲೆ ನುಂಗಿ ಮೇಲೆ ನೀರು ಕುಡಿದರೆ ಇವು ಬಹಳ ಕಡಿಮೆಯಾಗುವವು. ಮಲದ ಬಣ್ಣದಿಂದ ಹೆದರತಕ್ಕದ್ದು ಏನೂ ಇಲ್ಲ. ನನಗೆ ಆಶ್ಚರ್ಯವಾಗುವದು ಬೇರೆಯದಕ್ಕೆ. ಸರಕಾರದ ಗುಳಿಗೆಯನ್ನು ಸಂಶಯಿಸುವ ತಾಯಿಯು, ಯಾರೂ ಪರೀಕ್ಷಿಸದ ಪುಡಿಯನ್ನು ಸಂಶಯವಿಲ್ಲದೆ ಕುಡಿಯುತ್ತಾಳೆ. ಮಗಳು ಎರಡನ್ನೂ ನೋಡಿ, ಬೆಲೆಯಿಲ್ಲದ್ದಕ್ಕೆ ಗುಣವೂ ಇಲ್ಲವೆಂದು ತಿಳಿದುಕೊಳ್ಳುತ್ತಾಳೆ. ಹತ್ತನೆಯ ವರ್ಗದ ಹುಡುಗಿಯರಲ್ಲಿ ಮಧ್ಯಾಹ್ನದ ಊಟವನ್ನು ಬಿಟ್ಟು, ಅಕ್ಕನ ಪುಡಿಯನ್ನು ಬಾಟಲಿಯಲ್ಲಿ ಕದಡಿ ತರುವವರು ಕಾಣತೊಡಗಿದ್ದಾರೆ. ಬೆಳೆಯುವ ಹುಡುಗಿಯ ಮಧ್ಯಾಹ್ನದ ಊಟವೆಂದರೆ ಅದು ಸಾಲದು, ಸರ್ವಥಾ ಸಾಲದು.

ಗುಳಿಗೆಗಳನ್ನೆಲ್ಲ ನಾನು ಒಂದೇ ಬುಟ್ಟಿಗೆ ಹಾಕಿ ಹಳಿಯುತ್ತಿದ್ದೇನೆಂದು ತಿಳಿಯಬಾರದು. ಬಿ–೧೨ ಜೀವಸತ್ವವು ಸಸ್ಯಾಹಾರದಲ್ಲಿ ಹಾಲು ಮೊಸರುಗಳ ಹೊರತು ದೊರೆಯದಾದ್ದರಿಂದ ಕಟ್ಟಾ ಸಸ್ಯಾಹಾರಿಗಳಿಗೆ ವೈದ್ಯರು ಅದನ್ನು ಕೊಡಬೇಕಾಗುವದು. ಮಗುವನ್ನು ಬಯಸುವ ಸ್ತ್ರೀಯು ಗರ್ಭ ನಿಲ್ಲುವದಕ್ಕೆ ಮೊದಲಿನಿಂದಲೇ ದಿನಕ್ಕೆ ೪೦೦ ಮೈಕ್ರೋಗ್ರಾಂ ಫಾಲಿಕ್ ಆಮ್ಲವನ್ನು ತೆಗೆದುಕೊಂಡರೆ ಶಿಶುವಿನ ಬೆನ್ನುಹುರಿಯ ದೋಷಗಳನ್ನು ಬಹುಮಟ್ಟಿಗೆ ತಡೆಯಬಹುದು. ಇದನ್ನು ಪ್ರತಿಯೊಬ್ಬ ನವವಧುವೂ ತಿಳಿದಿರಬೇಕು. ‘ಡಿ’ ಜೀವಸತ್ವದ ಕೊರತೆಯು ರಕ್ತ ಪರೀಕ್ಷೆಯಿಂದ ಗೊತ್ತಾದರೆ ವೈದ್ಯರು ವಾರಕ್ಕೊಂದು ೬೦,೦೦೦ ಯೂನಿಟಿನ ಪೊಟ್ಟಣವನ್ನು ಕೆಲವು ವಾರ ಬರೆದುಕೊಡುವರು. ಅದೇ ಚೀಟಿಯನ್ನು ತೋರಿಸಿ ವರ್ಷಗಟ್ಟಲೆ ನುಂಗುವದು, ನೆರೆಮನೆಯವಳಿಗೂ ಹಂಚುವದು ಮಾತ್ರ ಅಪಾಯಕರ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಗಳು ಕೆಡುವವು. ಕೂದಲು ಉದುರುವದಕ್ಕೆಂದು ಬಯೋಟಿನ್ ನುಂಗುವವರು ಥೈರಾಯ್ಡ್ ಪರೀಕ್ಷೆಗೆ ಹೋದಾಗ ಅದನ್ನು ವೈದ್ಯರಿಗೆ ತಿಳಿಸಬೇಕು, ಯಾಕಂದರೆ ಅದು ಪರೀಕ್ಷೆಯ ಅಂಕಿಗಳನ್ನೇ ತಪ್ಪಾಗಿ ತೋರಿಸಬಲ್ಲದು. ಕೊರತೆಯೇನೆಂದು ಮೊದಲು ತಿಳಿಯಬೇಕು, ಆಮೇಲೆ ಗುಳಿಗೆ. ನಾವು ಮಾಡುತ್ತಿರುವದು ಇದಕ್ಕೆ ತಿರುಗುಮುರುಗು.

ಈ ವಿಷಯದಲ್ಲಿ ಶಾಲೆಯಿಂದ ಆಗತಕ್ಕದ್ದನ್ನು ಆರಂಭಿಸಿದ್ದೇವೆ. ನೀಲಿ ಗುಳಿಗೆಯನ್ನು ಈಗ ಮೊದಲಿನ ತಾಸಿನಲ್ಲಿ ಕೊಡುವದಿಲ್ಲ. ಮಧ್ಯಾಹ್ನದ ಊಟವಾದ ಮೇಲೆ, ಶಿಕ್ಷಕಿಯ ಎದುರಿಗೆ ಕೊಡುವೆವು. ಅದೇ ಹೊತ್ತಿಗೆ ನಾನೂ ನನ್ನ ಸಹಶಿಕ್ಷಕಿಯರೂ ದೊಡ್ಡವರಿಗಾಗಿರುವ ಕೆಂಪು ಗುಳಿಗೆಯನ್ನು ಹುಡುಗಿಯರು ಕಾಣುವಂತೆ ನುಂಗುತ್ತೇವೆ. ಪಾಲಕರಿಂದ ನನಗೆ ಬೇಕಾದ ಸಹಾಯವು ಎರಡು. ಡಬ್ಬಿಯೊಳಗಿನ ಪುಡಿಯನ್ನು ಶಾಲೆಗೆ ಕಳುಹಿಸಬೇಡಿರಿ. ತಾಯಿ ಮಗಳಿಬ್ಬರೂ ಒಂದೇ ದಿನ ಸಮೀಪದ ಸರಕಾರಿ ದವಾಖಾನೆಗೆ ಹೋಗಿ ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸಿಕೊಂಡು, ಎರಡೂ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ವರ್ಗದ ಶಿಕ್ಷಕಿಗೆ ಮುಟ್ಟಿಸಿರಿ. ತಾಯಿಯ ಅಂಕಿಯು ಶಾಲೆಗೆ ಏಕೆ ಎಂದು ಕೇಳುವವರು ಮೇಲೆ ಬರೆದದ್ದನ್ನು ಪುನಃ ಓದಬಹುದು. ಜೂನ್ ತಿಂಗಳ ಕೊನೆಯ ಶನಿವಾರದೊಳಗಾಗಿ ಚೀಟಿಗಳು ಬಂದರೆ, ಜುಲೈಯ ಮೊದಲಿನ ವಾರದಿಂದ ಹೊಸ ವಹಿಯನ್ನು ಬರೆಯತೊಡಗಲು ಅನುಕೂಲವಾಗುವದು.